ಹಾಳೆಯ ಹಿಂದಿನ ಮೈ

ಗೋಕಾಕದ ಒಂದು ಹತ್ತಿ ಕಂಪನಿಯ ರೆಕಾರ್ಡ್ ಖೋಲಿಯಲ್ಲಿ ನಾನು ಇಪ್ಪತ್ತೈದು ವರ್ಷ ಕೆಲಸ ಮಾಡಿದೆ. ಯಾರಾದರೂ ಏನು ಕೆಲಸ ಎಂದು ಕೇಳಿದರೆ ‘ಕಾಗದ ಕಾಯೂದ್ರಿ’ ಎನ್ನುತ್ತಿದ್ದೆ. ನಗುತ್ತಿದ್ದರು. ಹೊಲ ಕಾಯುವವನನ್ನು ನೋಡಿ ಯಾರೂ ನಗುವುದಿಲ್ಲ, ಕಾಗದ ಕಾಯುವವನೆಂದರೆ ಮಾತ್ರ ತಮಾಷೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅವರು ನಕ್ಕದ್ದೇ ಸರಿ ಅನ್ನಿಸುತ್ತದೆ, ಏಕೆಂದರೆ ಕಾಯಬೇಕಾದ ಒಂದು ಹಾಳೆಯನ್ನು ನಾನು ಕಾಯಲಿಲ್ಲ.

ಕಂಪನಿ ಬಹಳ ದೊಡ್ಡದೇನಲ್ಲ. ಮುಖ್ಯ ಕಚೇರಿ ಗೋಕಾಕದಲ್ಲಿ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳು ಮೂಡಲಗಿಯಲ್ಲೊಂದು, ಹುಕ್ಕೇರಿಯಲ್ಲೊಂದು. ಮೂರೂ ಊರಲ್ಲಿ ಒಂದೊಂದು ರೆಕಾರ್ಡ್ ಖೋಲಿ, ಅದಕ್ಕೊಬ್ಬ ಗುಮಾಸ್ತ. ಗೋಕಾಕದ ಗುಮಾಸ್ತ ನಾನು. ನನ್ನ ಕೈಕೆಳಗೆ ಒಬ್ಬರು ದಫ್ತರಿ ಇದ್ದರು. ಕಾಗದ ಕಟ್ಟಿಡುವುದು, ಕೇಳಿದಾಗ ತೆಗೆದುಕೊಡುವುದು ಅವರ ಕೆಲಸ. ಅಂಕಲಗಿ ಊರಿನವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಹುದ್ದೆಯಲ್ಲಿ ಚಿಕ್ಕವರಾದರೂ ನಾನು ಅವರನ್ನು ದಾದಾ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು.

ನಮ್ಮಲ್ಲಿ ಕಾಗದಗಳನ್ನು ಕೆಂಪು ಅರಿವೆಯಲ್ಲಿ ಗಂಟು ಕಟ್ಟಿ ಕಪಾಟಿನ ಮೇಲೆ ಇಡುತ್ತಿದ್ದರು. ಆ ಗಂಟಿಗೆ ರುಮಾಲು ಎನ್ನುತ್ತಿದ್ದರು. ಖೋಲಿಯಲ್ಲಿ ಮೇಲಿಂದ ಕೆಳಗಿನವರೆಗೆ ರುಮಾಲುಗಳೇ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ದಾದಾನಿಗೆ ಮಾತ್ರ ಯಾವ ರುಮಾಲಿನಲ್ಲಿ ಏನಿದೆ ಎಂಬುದು ಬಾಯಿಪಾಠ. ಒಂದು ಪಟ್ಟಿ ಬರೆದಿಡಿ ಅಂದರೆ ನನ್ನನ್ನೇ ಚೇಷ್ಟೆ ಮಾಡುತ್ತಿದ್ದರು.

“ಪಟ್ಟಿ ಬರದ್ರ ಆ ಪಟ್ಟಿ ಹುಡುಕಾಕ ಇನ್ನೊಬ್ಬ ದಫ್ತರಿ ಬೇಕಾಗ್ತಾನ್ರಿ, ಸಾಹೇಬ್ರ. ನಿಮ್ಮ ಮನಿಯಾಗ ಉಪ್ಪಿನ ಡಬ್ಬಿ ಎಲ್ಲಿ ಐತಿ ಅಂತ ಅವ್ವಾರು ಪಟ್ಟಿ ಬರದಿಟ್ಟಾರೇನು?”

ಕಂಪನಿ ಕಟ್ಟಿದ ಹಿರಿಯ ಮಾಲಕರು ಜೈನರು, ಮನೆಯಲ್ಲಿ ಮರಾಠಿ, ಅಂಗಳಕ್ಕೆ ಬಂದರೆ ಕನ್ನಡ. ಹಾಳೆ ದಂಡ ಮಾಡಿದರೆ ಅವರಿಗೆ ಮೈ ಉರಿಯುತ್ತಿತ್ತು. ಹೊಸ ಹಾಳೆ ಕೇಳಲು ಹೋದವನಿಗೆ “ಹಳೇದರ ಬೆನ್ನು ಖಾಲಿ ಐತೇನು ನೋಡಿ ಬಂದಿ?” ಎಂದು ಕೇಳುತ್ತಿದ್ದರು. ಹೀಗಾಗಿ ನಮ್ಮಲ್ಲಿ ಒಂದು ಪದ್ಧತಿಯೇ ಬೆಳೆದಿತ್ತು. ಹಾಳೆಯ ಮುಂದಿನ ಮೈ ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು: ತಪಾಸಣೆಗೆ ಬಂದ ಅಧಿಕಾರಿಗೆ ತೋರಿಸಲಿಕ್ಕೆ. ಹಿಂದಿನ ಮೈ ಮೇಲೆ ಕನ್ನಡದಲ್ಲಿ ಕೈಬರಹದ ಷರಾ: ನಾವು ತಿಳಿದಿರಲಿಕ್ಕೆ. ಹುಕ್ಕೇರಿಯ ಜಾಗದ ಕಾಗದದ ಮುಂದೆ ಎಲ್ಲೆ, ಅಳತೆ. ಹಿಂದೆ, ‘ಬಾಜೂ ಹೊಲದವರ ಚಕ್ಕಡಿ ಹಾಯಲು ದಾರಿ ಬಿಡುತ್ತೇವೆಂದು ಮಾತು ಕೊಟ್ಟಿದೆ’. ಮೂಡಲಗಿಯ ಯಂತ್ರದ ಕಾಗದದ ಮುಂದೆ ಅದರ ಗುಣಗಾನ. ಹಿಂದೆ, ‘ಎಡಗಡೆ ಕೈ ಹಾಕಬಾರದು, ಎರಡು ಸಲ ಅಪಘಾತವಾಗಿದೆ’. ಕಂಪನಿಯ ಜೀವ ಹಿಂದಿನ ಮೈ ಮೇಲೆ ಇತ್ತು. ಇದು ನಮ್ಮ ಮೂರೂ ಕಚೇರಿಯವರಿಗೆ ಗೊತ್ತು. ಹೊರಗಿನವರಿಗೆ ಹೇಳಿದರೂ ತಿಳಿಯುತ್ತಿರಲಿಲ್ಲ.

ದಾದಾನ ಸೇವಾ ಹಾಳೆಯ ಹಿಂದೆಯೂ ಒಂದು ಷರಾ ಇತ್ತು. ಕೆಲಸಕ್ಕೆ ಸೇರಿದಾಗ ಅವರಿಗೆ ಹದಿನೈದು. ಹದಿನೆಂಟು ತುಂಬದವರನ್ನು ಕಂಪನಿಯವರು ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಜೊತೆಗೆ ಬಂದಿದ್ದ ಅವರ ಅಪ್ಪ ಹದಿನೆಂಟು ಎಂದು ಬರೆಸಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ದಿನ ಮಾತಿಗೆ ಮಾತು ಬಂದು ಹಿರಿಯ ಮಾಲಕರ ಮುಂದೆ ದಾದಾ ಇದನ್ನು ಬಾಯಿಬಿಟ್ಟರು. ಮಾಲಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, “ಹಂಗಾದ್ರ ಮೂರು ವರ್ಷ ಮೊದಲ ಮನಿಗೆ ಹೊಕ್ಕೀಯಲ್ಲೋ ಹುಚ್ಚಪ್ಪ” ಅಂದರು. ಅಂಕಲಗಿಯಿಂದ ಶಾಲೆಯ ದಾಖಲೆ ತರಿಸಿ ನೋಡಿ, ನನ್ನನ್ನು ಕರೆದು ಬರೆಯಲು ಹೇಳಿದರು. ಮುಂದಿನ ಮೈ ತಿದ್ದುವಂತಿರಲಿಲ್ಲ. ತಿದ್ದಿದರೆ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೆವೆಂದು ನಾವೇ ಒಪ್ಪಿಕೊಂಡ ಹಾಗೆ. ಹಿಂದಿನ ಮೈ ಮೇಲೆ ನಾನೇ ನನ್ನ ಕೈಯಾರೆ ಬರೆದೆ: ‘ಇವರ ಖರೆ ವಯಸ್ಸು ಮೂರು ವರ್ಷ ಕಡಿಮೆ. ನಿವೃತ್ತಿ ಖರೆ ವಯಸ್ಸಿನ ಪ್ರಕಾರ ಮಾಡತಕ್ಕದ್ದು.’ ಮಾಲಕರು ಸಹಿ ಹಾಕಿದರು. ಶಾಲೆಯ ದಾಖಲೆಯನ್ನು ಅದಕ್ಕೇ ಅಂಟಿಸಿದೆ. ದಾದಾ ರುಮಾಲು ಕಟ್ಟಿ ಮೇಲಿಟ್ಟರು.

ಮುಂದೆ ಹಿರಿಯ ಮಾಲಕರು ತೀರಿಕೊಂಡರು. ಪುಣೆಯಲ್ಲಿ ಓದಿದ್ದ ಮೊಮ್ಮಗ ಬಂದು ಕುರ್ಚಿಯಲ್ಲಿ ಕೂತರು. ಒಳ್ಳೆಯವರೇ. ಆದರೆ ಎಲ್ಲದಕ್ಕೂ ಅವಸರ. ರೆಕಾರ್ಡ್ ಖೋಲಿಗೆ ಮೊದಲ ದಿನ ಬಂದವರೇ ಮೂಗಿಗೆ ಕರ್ಚೀಪು ಹಿಡಿದುಕೊಂಡರು. ಆಮೇಲೆ ಮೂರೂ ಊರಿನ ಗುಮಾಸ್ತರನ್ನು ಕೂಡಿಸಿ ಭಾಷಣ ಮಾಡಿದರು. ಇನ್ನು ಎಲ್ಲ ಕಾಗದವೂ ಕಂಪ್ಯೂಟರಿನೊಳಗೆ. ಇದಕ್ಕೆ ಎಂಟರ್‌ಪ್ರೈಸ್ ಕಂಟೆಂಟ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಮೂರೂ ಕಚೇರಿಯ ಕಾಗದ ಒಂದೇ ಕಡೆ, ಬೇಕೆಂದಾಗ ಗುಂಡಿ ಒತ್ತಿದರೆ ಎದುರಿಗೆ. ಹಳೆಯ ಖೋಲಿ ಕೆಡವಿ ಅಲ್ಲಿ ಗೋದಾಮು ಕಟ್ಟುವುದು.

ಆ ಉದ್ದ ಹೆಸರನ್ನು ನಾನು ದಾದಾನಿಗೆ ಬಂದು ಹೇಳಿದೆ. “ಹೆಸರು ಕೇಳಿದ್ರ ಹೊಟ್ಟಿ ತುಂಬಿತ್ರಿ. ಊಟ ಯಾವಾಗ?” ಅಂದರು.

ನನಗೆ ಮಾತ್ರ ಹುರುಪು ಹತ್ತಿತ್ತು. ಸುಳ್ಳು ಯಾಕೆ ಹೇಳಲಿ, ಮಾಲಕರು ಇನ್ನೊಂದು ಮಾತು ಹೇಳಿದ್ದರು. ಯಾರು ಮೊದಲು ಕೆಲಸ ಮುಗಿಸುತ್ತಾರೋ ಅವರೇ ಮೂರೂ ಕಚೇರಿಯ ದಾಖಲೆಗಳಿಗೆ ಮುಖ್ಯಸ್ಥರು. ಅವರಿಗೆ ಗಾಜಿನ ಕ್ಯಾಬಿನ್ನು, ಫೋನು. ನಲವತ್ತೈದು ದಾಟಿದ ಗುಮಾಸ್ತನಿಗೆ ಇದಕ್ಕಿಂತ ಹೆಚ್ಚಿನ ಆಸೆ ಬೇಕೇ? ರಾತ್ರಿ ಹೆಂಡತಿಗೆ ಹೇಳಿದರೆ ಆಕೆ “ಗಾಜಿನ ಖೋಲಿಯೊಳಗ ಕುಂತ್ರ ನಿದ್ದಿ ಮಾಡಾಕ ಬರೂದಿಲ್ಲ ನೋಡ್ರಿ” ಎಂದು ನಕ್ಕಳು.

ಬೆಳಗಾವಿಯಿಂದ ಇಬ್ಬರು ಸ್ಕ್ಯಾನ್ ಯಂತ್ರ ತೆಗೆದುಕೊಂಡು ಬಂದರು. ಯಂತ್ರ ಒಂದು ಸಲಕ್ಕೆ ಒಂದೇ ಮೈಯ ಚಿತ್ರ ತೆಗೆಯುತ್ತಿತ್ತು. ಎರಡನೆಯ ಮೈಗೆ ಹಾಳೆಯನ್ನು ಮಗುಚಿ ಮತ್ತೆ ಹಾಕಬೇಕು. ಮೊದಲ ವಾರ ಎರಡೂ ಮೈ ಹಾಕಿದೆವು. ಹುಕ್ಕೇರಿಯ ಗುಮಾಸ್ತ ಫೋನು ಮಾಡಿ, “ನಮ್ದು ಅರ್ಧ ಮುಗೀತ್ರಿ, ನಿಮ್ದ?” ಎಂದ. ನಮ್ಮದು ಕಾಲುಭಾಗವೂ ಆಗಿರಲಿಲ್ಲ. ಅಷ್ಟರಲ್ಲಿ ಯಂತ್ರದವನೇ ಕೇಳಿದ:

“ಸರ್, ಬಾಳ ಹಾಳಿ ಹಿಂದ ಖಾಲೀನ ಅದಾವ. ಕೆಲವದರ ಮ್ಯಾಲ ಏನೋ ಗೀಚ್ಯಾರ. ಅದನ್ನೂ ಹಾಕಾಕ ಬೇಕೇನ್ರಿ?”

ದಾದಾ ನಡುವೆ ಬಾಯಿ ಹಾಕಿದರು. “ಹಾಕಾಕ ಬೇಕು. ಅದ ಖರೆ ಕಾಗದ.”

“ಬ್ಯಾಡ, ಮುಂದಿನ ಮೈ ಸಾಕು” ಎಂದೆ ನಾನು.

ದಾದಾ ಬಿಡಲಿಲ್ಲ. “ಸಾಹೇಬ್ರ, ಅವಸರ ಮಾಡಬ್ಯಾಡ್ರಿ. ಹಿಂದಿಂದು ಬಿಟ್ರ ಮುಂದಿಂದು ಸುಳ್ಳ ಆಗ್ತೈತಿ.”

ಹೊರಗಿನವರ ಮುಂದೆ ಹೀಗೆ ಹೇಳಿದರಲ್ಲ ಎಂದು ನನಗೆ ರೇಗಿತು. “ದಾದಾ, ನಿಮಗಿದರಾಗ ಏನ ತಿಳೀತೈತಿ? ರುಮಾಲ ಕಟ್ಟೂ ಕಾಲ ಮುಗೀತು. ಸುಮ್ನ ಹಾಳಿ ಬಿಚ್ಚಿ ಕೊಡ್ರಿ” ಎಂದು ಬೈದೆ. ಅವರು ಸುಮ್ಮನೆ ಬಿಚ್ಚಿ ಕೊಟ್ಟರು. ಸಂಜೆ ಹೋಗುವಾಗ ಮೆಲ್ಲಗೆ, “ಒಂದೆರಡು ರುಮಾಲರೆ ನಾ ಇಟ್ಕೊಳ್ಳೇನ್ರಿ?” ಎಂದು ಕೇಳಿದರು. ಒಂದು ಹಾಳೆಯೂ ಉಳಿಯಬಾರದೆಂದು ಮಾಲಕರ ಅಪ್ಪಣೆ ಇದೆ ಎಂದೆ. ಅವರು ಯಾಕೆ ಕೇಳಿದರೆಂದು ನಾನು ಯೋಚಿಸಲಿಲ್ಲ. ನಾನೇ ಬರೆದ ಷರಾ ಆಗ ನನಗೆ ನೆನಪಿತ್ತೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇರಲಿಲ್ಲ. ನಂಬುವುದಾದರೆ ನಂಬಿ. ತಲೆಯಲ್ಲಿ ಗಾಜಿನ ಕ್ಯಾಬಿನ್ನು ತುಂಬಿಕೊಂಡವನಿಗೆ ಇನ್ನೇನು ನೆನಪಿರಲು ಸಾಧ್ಯ?

ಮೊದಲು ಮುಗಿಸಿದವನು ನಾನೇ. ‘ಎಲ್ಲ ಹಾಳೆಗಳ ಎರಡೂ ಮೈ ಪರಿಶೀಲಿಸಲಾಗಿದೆ, ಮೂಲ ಪ್ರತಿಗಳ ಅಗತ್ಯವಿಲ್ಲ’ ಎಂದು ಟೈಪು ಮಾಡಿದ ಪ್ರಮಾಣಪತ್ರ ಮುಂದಿಟ್ಟರು. ಓದಿದೆ. ಸಹಿ ಹಾಕಿದೆ. ಲಾರಿ ಬಂತು. ಎರಡು ದಿನ ಕಾಗದ ತುಂಬಿದರು. ಅದೆಲ್ಲ ರಟ್ಟು ಮಾಡುವ ಕಾರ್ಖಾನೆಗೆ ಹೋಯಿತು. ದಾದಾ ಲಾರಿಯ ಹತ್ತಿರ ನಿಂತು ಬಿಚ್ಚಿದ ಕೆಂಪು ಅರಿವೆಗಳನ್ನು ಒಂದೊಂದಾಗಿ ಮಡಚುತ್ತಿದ್ದರು. ಇನ್ನು ಅವನ್ನೇನು ಮಾಡುತ್ತೀರಿ ಎಂದು ಯಾರೋ ಕೇಳಿದರೂ ಮಡಚುತ್ತಲೇ ಇದ್ದರು.

ಮೂಡಲಗಿಯ ಗುಮಾಸ್ತ ಮಾತ್ರ ಎರಡೂ ಮೈ ಹಾಕಿಸಿದ. ನಮಗಿಂತ ಮೂರು ತಿಂಗಳು ತಡವಾಯಿತು, ಮಾಲಕರಿಂದ ಬೈಸಿಕೊಂಡ. ‘ಬೆನ್ನು ತಿಕ್ಕಾವ’ ಎಂದು ಅವನಿಗೆ ಹೆಸರಿಟ್ಟು ಎಲ್ಲರನ್ನೂ ನಗಿಸಿದವನು ನಾನೇ. ಅವನು ಅವನ ಪಾಡಿಗೆ ಕೆಲಸ ಮಾಡಿಕೊಂಡಿದ್ದ. ಕ್ಯಾಬಿನ್ನು ನನಗೆ ಸಿಕ್ಕಿತು. ದಾದಾನನ್ನು ನನ್ನ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂಡಿಸಿದರು. ಫೈಲು ಕೇಳಿ ಯಾರೂ ಬರುತ್ತಿರಲಿಲ್ಲ. ಚಹಾ ತರುವುದು, ಟಪಾಲು ಹಂಚುವುದು, ಇಷ್ಟೇ ಅವರ ಪಾಲಿಗೆ ಉಳಿಯಿತು. ಮೊದಲ ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಗುಂಡಿ ಒತ್ತಿದರೆ ಹಾಳೆ ಬರುತ್ತಿತ್ತು. ನೋಡಲು ಬಂದವರಿಗೆಲ್ಲ ಒತ್ತಿ ಒತ್ತಿ ತೋರಿಸಿದೆ.

ಮೊದಲು ಪೆಟ್ಟು ಬಿದ್ದದ್ದು ಹುಕ್ಕೇರಿಯಲ್ಲಿ. ಕಂಪನಿಯವರು ಜಿನ್ನಿನ ಹಿಂದೆ ಗೇಟು ಹಾಕಿದರು. ಬಾಜೂ ಹೊಲದವರು ಚಕ್ಕಡಿ ತಂದು ಗೇಟಿಗೆ ಅಡ್ಡ ನಿಲ್ಲಿಸಿ, “ನಿಮ್ಮ ಹಿರ್ಯಾರು ದಾರಿ ಕೊಟ್ಟಾರ, ನಿಮ್ಮ ಕಾಗದದ ಹಿಂದ ಬರದಾರ, ತಗದ ನೋಡ್ರಿ” ಎಂದು ಕೂತರು. ಕಂಪ್ಯೂಟರಿನಲ್ಲಿ ಮುಂದಿನ ಮೈ ಇತ್ತು. ಹಿಂದಿನದು ಇರಲಿಲ್ಲ. ಅಲ್ಲಿಯ ಗುಮಾಸ್ತನೂ ನನ್ನ ಹಾಗೆಯೇ ಮಾಡಿ, ನನ್ನ ಹಾಗೆಯೇ ಸಹಿ ಹಾಕಿದ್ದ. ಸುಳ್ಳು ಪ್ರಮಾಣಪತ್ರ ಕೊಟ್ಟಿದ್ದಾನೆಂದು ಎಂಟೇ ದಿನದಲ್ಲಿ ಅವನನ್ನು ಕೆಲಸದಿಂದ ತೆಗೆದರು. ಆ ಸುದ್ದಿ ಬಂದ ದಿನ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು. ಮಾಲಕರು ಫೋನಿನಲ್ಲಿ, “ನಿಮ್ಮ ಕಡೆ ಎಲ್ಲಾ ಬರೋಬರಿ ಐತಲ್ರಿ?” ಎಂದು ಕೇಳಿದರು. ಬರೋಬರಿ ಐತ್ರಿ ಎಂದೆ.

ಅದಾದ ಕೆಲವು ತಿಂಗಳಿಗೆ ಕಂಪ್ಯೂಟರು ತಾನೇ ಒಂದು ಪಟ್ಟಿ ಹೊರಹಾಕಿತು: ಈ ವರ್ಷ ಐವತ್ತೆಂಟು ತುಂಬಿ ನಿವೃತ್ತರಾಗುವವರು. ಅದರಲ್ಲಿ ದಾದಾ ಇದ್ದರು.

ಪತ್ರ ಕೈಗೆ ಬಂದಾಗ ದಾದಾ ನಗುತ್ತಲೇ ಕ್ಯಾಬಿನ್ನಿನೊಳಗೆ ಬಂದರು. “ನಿಮ್ಮ ಕಂಪ್ಯೂಟರಿಗೆ ಬುದ್ಧಿ ಇಲ್ಲ ನೋಡ್ರಿ, ಸಾಹೇಬ್ರ. ಹಿಂದ ಹೊಳ್ಳಿಸಿ ನೋಡಾಕ ಹೇಳ್ರಿ ಅದಕ್ಕ.”

ಪರದೆಯ ಮೇಲೆ ಅವರ ಸೇವಾ ಹಾಳೆ ತೆರೆದೆ. ಮುಂದಿನ ಮೈ ಒಂದೇ. ಹೊಳ್ಳಿಸಲು ಅಲ್ಲಿ ಏನೂ ಇರಲಿಲ್ಲ. ನನ್ನ ಮೋರೆ ನೋಡಿ ಅವರಿಗೂ ತಿಳಿಯಿತು. ಆದರೂ ಹೆದರಲಿಲ್ಲ. “ಇರ್ಲಿ ಬಿಡ್ರಿ, ಕಾಗದ ಹೋದ್ರ ಹೋತು. ಬರದಾವ್ರು ನೀವ ಅದೀರಲ್ಲ” ಅಂದರು.

ಅವರಿಗೆ ಆ ಮೂರು ವರ್ಷ ಬೇಕೇ ಬೇಕಾಗಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ತಡವಾಗಿ ಹುಟ್ಟಿದ ಒಬ್ಬಳೇ ಮಗಳು, ಘಟಪ್ರಭೆಯಲ್ಲಿ ನರ್ಸಿಂಗ್ ಕಲಿಯಲು ಆಗತಾನೇ ಸೇರಿದ್ದಳು. ಮೂರು ವರ್ಷದ ಓದು. ಇಬ್ಬರೂ ಕಂಪನಿಯ ಚಾಳಿನ ಒಂದು ಖೋಲಿಯಲ್ಲಿ ಇದ್ದರು. ಬೆಳಿಗ್ಗೆ ಆಕೆ ಅಲ್ಲಿಂದಲೇ ಬಸ್ಸು ಹತ್ತುತ್ತಿದ್ದಳು. ನಿವೃತ್ತಿಯಾದರೆ ಪಗಾರವೂ ಇಲ್ಲ, ಖೋಲಿಯೂ ಇಲ್ಲ. ಅಂಕಲಗಿಯಲ್ಲಿ ಅಣ್ಣನ ಮನೆಗೆ ಹೋಗಬೇಕು. ಹೆಣ್ಣುಮಗಳು ಓದುವುದೇ ಬೇಡ ಎನ್ನುವ ಅಣ್ಣ. “ನನ್ನ ನೌಕರಿ, ಆಕಿ ಕಲಿಯೂದು ಕೂಡೇ ಮುಗೀತಾವ್ರಿ. ಲೆಕ್ಕ ಹಾಕೇ ಸೇರಿಸೇನಿ” ಎಂದು ದಾದಾ ಎಷ್ಟೋ ಸಲ ಹೇಳಿದ್ದರು.

ನೌಕರರ ವಿಭಾಗದ ಅಧಿಕಾರಿ ಧಾರವಾಡದ ಕಡೆಯವರು, ಮೆತ್ತಗಿನ ಮನುಷ್ಯ. ವಿಚಾರಣೆಗೆ ಒಂದು ದಿನ ಗೊತ್ತುಮಾಡಿದರು. ಅದಕ್ಕೆ ಮುಂಚೆ ನನ್ನ ಜೊತೆಗಾರರು ದಾದಾನಿಗೆ ಬುದ್ಧಿ ಹೇಳಿದರು: ಅಂಕಲಗಿಯ ಶಾಲೆಗೆ ಹೋಗಿ ಇನ್ನೊಂದು ದಾಖಲೆ ತೆಗೆಸು, ಯೂನಿಯನ್ನಿನವರನ್ನು ಕರೆದುಕೊಂಡು ಬಾ. ದಾದಾ ಯಾವುದಕ್ಕೂ ಹೋಗಲಿಲ್ಲ. “ನಮ್ಮ ಸಾಹೇಬ್ರ ಕೈಲೇ ಬರದಾರ. ಅವ್ರು ಒಂದ ಮಾತ ಹೇಳಿದ್ರ ಮುಗೀತು. ಅವ್ರ ಇರೂ ಮುಂದ ನಾ ಊರೆಲ್ಲಾ ತಿರುಗ್ಯಾಡಿದ್ರ ಅವ್ರಿಗೆ ಅವಮಾನ ಅಲ್ಲೇನು?” ಎಂದರಂತೆ.

ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಷರಾ ಬರೆದದ್ದು ಹೌದು ಎಂದರೆ ಅದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಬರುತ್ತದೆ. ಎರಡೂ ಮೈ ನೋಡಿದ್ದೇನೆಂದು ಸಹಿ ಹಾಕಿದವನು ನಾನು. ಹುಕ್ಕೇರಿಯವನಿಗೆ ಆದದ್ದೇ ನನಗೂ ಆಗುತ್ತದೆ. ನನಗೂ ಓದುವ ಇಬ್ಬರು ಮಕ್ಕಳಿದ್ದರು. ಹೀಗೆಲ್ಲ ನನಗೆ ನಾನೇ ವಾದ ಮಾಡಿಕೊಂಡೆ. ಬೆಳಗಾಗುವ ಹೊತ್ತಿಗೆ, ಮಾಲಕರಿಗೆ ಇದ್ದದ್ದು ಇದ್ದಂತೆ ಹೇಳಿ ಕಾಲು ಹಿಡಿದರಾಯಿತು ಎಂದು ಗಟ್ಟಿ ಮನಸ್ಸು ಮಾಡಿದೆ. ಅಧಿಕಾರಿಯ ಖೋಲಿಯ ಬಾಗಿಲು ದಾಟುವವರೆಗೂ ಆ ಮನಸ್ಸು ಗಟ್ಟಿಯಾಗಿಯೇ ಇತ್ತು.

ಒಳಗೆ ಮಾಲಕರೂ ಕೂತಿದ್ದರು. ಅವರು ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ದಾದಾ ಒಗೆದ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು ಬಂದಿದ್ದರು. ಏನು ನಡೆಯಿತೆಂದು ಅವರೇ ಮೊದಲಿನಿಂದ ಹೇಳಿದರು. ಅಧಿಕಾರಿ ನನ್ನ ಕಡೆ ತಿರುಗಿದರು.

“ಇವ್ರು ಹೇಳಿದ್ದು ಖರೆ ಇದ್ರ ನೀವೊಂದು ಸಾಲು ಬರ್ದು ಕೊಡ್ರಿ. ಅಷ್ಟು ಸಾಕು. ಮೂರು ವರ್ಷ ಮುಂದುವರಸಾಕ ನಮ್ಮದೇನೂ ತಕರಾರಿಲ್ಲ. ಅಂಥಾ ಷರಾ ನೀವು ಬರದದ್ದು ನೆನಪೈತೇನ್ರಿ?”

ಮಾಲಕರು ನನ್ನನ್ನೇ ನೋಡುತ್ತಿದ್ದರು. ದಾದಾ ನನ್ನ ಕಡೆ ನೋಡಲಿಲ್ಲ. ಉತ್ತರ ಏನೆಂದು ಅವರಿಗೆ ಗೊತ್ತಿತ್ತಲ್ಲ, ಆರಾಮಾಗಿ ಕಿಟಕಿಯ ಹೊರಗೆ ನೋಡುತ್ತಿದ್ದರು.

“ಇಲ್ರಿ, ನೆನಪಿಲ್ಲ” ಎಂದೆ.

ದಾದಾ ತಿರುಗಿದರು. ಅಧಿಕಾರಿ ಎರಡನೇ ಸಲ ಕೇಳಿದರು. ನಾನು ಎರಡನೇ ಸಲವೂ ಅದನ್ನೇ ಹೇಳಿದೆ. ಮೊದಲ ಸಲಕ್ಕಿಂತ ಎರಡನೇ ಸಲ ಸುಲಭವಾಗಿತ್ತು, ಥೂ ನನ್ನ ಬಾಯಿಗಿಷ್ಟು. ನಿವೃತ್ತಿ ಒಪ್ಪಿದ್ದೇನೆಂದು ಬರೆದು ಮುಂದಿಟ್ಟ ಕಾಗದಕ್ಕೆ ದಾದಾ ಸಹಿ ಹಾಕಿದರು. ಹಾಕುವ ಮುಂಚೆ ಅದನ್ನು ಮಗುಚಿ ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದರು. ಏನೂ ಇರಲಿಲ್ಲ.

ವರಾಂಡದಲ್ಲಿ ನಾನು ಅವರ ಹಿಂದೆ ಓಡಿದೆ. ಏನು ಹೇಳಲು ಓಡಿದೆನೋ ನನಗೇ ಗೊತ್ತಿಲ್ಲ. ಅವರು ನಿಂತರು.

“ಮನಿಯಾಗ ಮಗಳು ಹಾದಿ ಕಾಯಾಕತ್ತಾಳ, ಸಾಹೇಬ್ರ. ಏನಂತ ಹೇಳ್ಲಿ? ಕಾಗದ ಸಿಗಲಿಲ್ಲ ಅಂತ ಹೇಳ್ಲ್ಯೋ, ಸಾಹೇಬ್ರು ಇಲ್ಲಂದ್ರು ಅಂತ ಹೇಳ್ಲ್ಯೋ?”

ಸಿಟ್ಟಿನಿಂದ ಕೇಳಿದ ಮಾತಲ್ಲ ಅದು. ಯಾವ ರುಮಾಲು ಬಿಚ್ಚಲಿ ಎಂದು ಕೇಳುತ್ತಿದ್ದ ದನಿಯಲ್ಲೇ ಕೇಳಿದರು.

“ಕಾಗದ ಸಿಗಲಿಲ್ಲ ಅಂತ ಹೇಳ್ರಿ” ಎಂದೆ.

“ಆತ್ರಿ” ಎಂದು ಹೋದರು.

ಒಂದು ತಿಂಗಳಲ್ಲಿ ಚಾಳಿನ ಖೋಲಿ ಖಾಲಿ ಮಾಡಿದರು. ಆ ದಿನ ನಾನು ರಜೆ ಹಾಕಿದ್ದೆ. ಮಗಳು ಅಂಕಲಗಿಯಿಂದ ಎರಡು ಬಸ್ಸು ಬದಲಿಸಿ ಒಂದಷ್ಟು ದಿನ ಘಟಪ್ರಭೆಗೆ ಹೋದಳಂತೆ. ಆಮೇಲೆ ಬಿಡಿಸಿದರಂತೆ. ಎರಡು ವರ್ಷಕ್ಕೆ ದಾದಾ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ದೂರದಲ್ಲಿ ನಿಂತು ಬಂದೆ.

ನನ್ನ ಯಂತ್ರದ ಆಯುಷ್ಯವೂ ಉದ್ದವಿರಲಿಲ್ಲ. ಆ ಪ್ರೋಗ್ರಾಮು ಮಾಡಿದವರು ಅಂಗಡಿ ಮುಚ್ಚಿದರು. ಹಳೆಯ ಡಿಸ್ಕುಗಳನ್ನು ಹೊಸ ಕಂಪ್ಯೂಟರು ಓದಲು ಒಪ್ಪಲಿಲ್ಲ. ಮತ್ತೊಬ್ಬರು ಬಂದರು, ಮತ್ತೊಂದು ಉದ್ದ ಹೆಸರು ಹೇಳಿದರು. ನಾನು ನಿವೃತ್ತನಾಗುವ ವರ್ಷ ಬಂದವನಂತೂ ಇನ್ನೂ ಚುರುಕು. ಮುಂದೆ ಯಂತ್ರವೇ ಕಾಗದ ಓದುತ್ತದೆ, ಅರ್ಥ ಮಾಡಿಕೊಳ್ಳುತ್ತದೆ, ಕೇಳುವ ಮುಂಚೆ ಹುಡುಕಿಕೊಡುತ್ತದೆ ಎಂದ. ಮಾಲಕರ ಕಣ್ಣು ಮತ್ತೆ ಮಿನುಗಿದವು. ಓದಲಿ, ಬೇಡ ಅಂದವರಾರು? ಆದರೆ ಅದರ ಬಾಯಿಗೆ ಹಾಳೆ ಇಡುವವನು ನನ್ನಂಥವನೇ ಆಗಿದ್ದರೆ ಅದು ಓದಿ ಅರ್ಥ ಮಾಡಿಕೊಳ್ಳುವುದೂ ನನ್ನ ಸುಳ್ಳನ್ನೇ. ಹೇಳಬೇಕೆಂದು ಬಾಯಿ ತೆರೆದೆ. ನಾನು ಯಾವ ಮೋರೆ ಹೊತ್ತು ಹೇಳಲಿ ಎಂದು ಮುಚ್ಚಿಕೊಂಡೆ. ನನ್ನನ್ನು ಹಾರ ಹಾಕಿ, ಪೇಟ ಸುತ್ತಿ ಕಳಿಸಿದರು. ಪ್ರಾಮಾಣಿಕ ಸೇವೆ ಎಂದು ಒಬ್ಬರು ಮಾತಾಡಿದರು.

ಈಗ ನನಗೆ ರಕ್ತದೊತ್ತಡ. ಗುಳಿಗೆಗೆಂದು ತಿಂಗಳಿಗೊಮ್ಮೆ ಗೋಕಾಕದ ಪೇಟೆಯಲ್ಲಿ ಒಂದು ಔಷಧ ಅಂಗಡಿಗೆ ಹೋಗುತ್ತೇನೆ. ದಾದಾನ ಮಗಳು ಅಲ್ಲಿ ಕೆಲಸಕ್ಕಿದ್ದಾಳೆ. ಮೊದಲ ಸಲ ಕಂಡಾಗ ತಿರುಗಿ ಹೋಗಬೇಕೆಂದಿದ್ದೆ, ಅಷ್ಟರಲ್ಲಿ ಆಕೆಯೇ ಗುರುತು ಹಿಡಿದು ಕರೆದಳು. ಅಪ್ಪ ಅವಳಿಗೆ ನಾನು ಹೇಳಿಕೊಟ್ಟಿದ್ದನ್ನೇ ಹೇಳಿದ್ದಾರೆ, ಒಂದಕ್ಷರ ಹೆಚ್ಚಿಲ್ಲ. ಗಿರಾಕಿಗಳು ಎಷ್ಟೇ ಇದ್ದರೂ ನನ್ನನ್ನು ನಿಲ್ಲಲು ಬಿಡುವುದಿಲ್ಲ, ಒಳಗಿನಿಂದ ಸ್ಟೂಲು ತಂದು ಕೊಡುತ್ತಾಳೆ. ಗುಳಿಗೆ ಕಟ್ಟಿಕೊಡುತ್ತ ಪ್ರತಿ ಸಲವೂ ಹೇಳುತ್ತಾಳೆ:

“ಕಾಕಾ, ಮರೀಬ್ಯಾಡ್ರಿ ಮತ್ತ. ಅಪ್ಪ ಯಾವಾಗ್ಲೂ ಅಂತಿದ್ದ, ನಮ್ಮ ಸಾಹೇಬ್ರಿಗೆ ಮರವು ಬಾಳ ಅಂತ.”